ದೂರದ ದಾರಿಗೆ ಮೋಟಾರ್ ಸೈಕಲ್ ಹದ ಮಾಡಿಕೊಳ್ಳುವುದು

ಕಳೆದ ಬೇಸಿಗೆಯಲ್ಲಿ ಪಾವಗಡ ಕಡೆಯ ಸಂಘವೊಂದರಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರವಿತ್ತು. ಹದಿನೆಂಟು ರಾಸುಗಳನ್ನು ನೋಡಿ ಮುಗಿಸಿ ಕೈ ತೊಳೆಯುತ್ತಿದ್ದಾಗ ಸಂಘದ ಕಾರ್ಯದರ್ಶಿಗಳು ಮೆಲ್ಲಗೆ ಹತ್ತಿರ ಬಂದು, "ಡಾಕ್ಟ್ರೇ, ಹಸುಗಳದ್ದೆಲ್ಲಾ ಆಯ್ತು, ಈಗ ನಂದೊಂಚೂರು ನೋಡಿ. ತುಮಕೂರಿಗೆ ಗಾಡೀಲಿ ಹೋಗಿ ಬಂದ್ರೆ ಎರಡು ದಿನ ಸೊಂಟ ಎತ್ತಕ್ಕಾಗಲ್ಲ" ಎಂದರು. ನಾನು ಮನುಷ್ಯರ ವೈದ್ಯನಲ್ಲ. ಆದ್ದರಿಂದ ಅವರನ್ನು ಬಿಟ್ಟು ಅವರ ಗಾಡಿಯನ್ನು ನೋಡಿದೆ. ಸೀಟಿನ ಮೇಲೆ ಹೆಬ್ಬೆರಳು ಒತ್ತಿದರೆ ಕೆಳಗಿನ ತಗಡು ಸಿಗುತ್ತಿತ್ತು. ಹಿಂದಿನ ಚಕ್ರದಲ್ಲಿ ಗಾಳಿ ಇರಬೇಕಾದುದಕ್ಕಿಂತ ಬಹಳ ಕಡಿಮೆ. ಶಾಕ್ ಅಬ್ಸಾರ್ಬರ್ ಮಾತ್ರ ಅತಿ ಬಿಗಿಯಾದ ಮೆಟ್ಟಿಲಿನಲ್ಲಿ ಕುಳಿತಿತ್ತು. ಅವರ ಪ್ಯಾಂಟಿನ ಹಿಂಜೇಬಿನಲ್ಲಿ ಪರ್ಸು, ಪಾಸ್‌ಬುಕ್ಕು, ಮಡಿಸಿದ ಚೀಟಿಗಳು ಎಲ್ಲಾ ಸೇರಿ ಎರಡು ಬೆರಳು ದಪ್ಪದ ಗಂಟಾಗಿತ್ತು. ಅದೇ ಮನೆಯ ಕೊಟ್ಟಿಗೆಯಲ್ಲಿ ಹಸುವಿನ ಕಾಲಿಗೆ ನೋವಾಗದಿರಲಿ ಎಂದು ರಬ್ಬರ್ ಮ್ಯಾಟು ಹಾಸಿದ್ದರು.

ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರು. ಹೋಗಿ ಬಂದರೆ ಇನ್ನೂರು. ಬಸ್ಸಿನ ಸಮಯಕ್ಕೂ ಹಾಲು ಕರೆಯುವ ಸಮಯಕ್ಕೂ ಹೊಂದಾಣಿಕೆಯಾಗುವುದಿಲ್ಲ. ಹೀಗಾಗಿ ನಮ್ಮ ಸದಸ್ಯರು ಹಸು ನೋಡಿ ಬರಲು, ಸಾಲದ ಕಾಗದ ಪತ್ರಕ್ಕೆ, ಆಸ್ಪತ್ರೆಗೆ, ನೆಂಟರ ಮದುವೆಗೆ ಎಲ್ಲಕ್ಕೂ ಗಾಡಿ ಏರುತ್ತಾರೆ. ಸಂಜೆ ಕರೆಯುವ ವೇಳೆಗೆ ಮನೆ ಸೇರಬೇಕೆಂದು ಓಡಿಸುತ್ತಾರೆ. ನನ್ನದೂ ಅದೇ ಕಥೆ. ಪದವಿ ಮುಗಿಸಿ ಕೆಲಸಕ್ಕೆ ಸೇರಿದ ದಿನದಿಂದ ದಿನಕ್ಕೆ ಅರವತ್ತು ಎಂಬತ್ತು ಕಿಲೋಮೀಟರು ಬೈಕಿನ ಮೇಲೆಯೇ ಕಳೆದಿದ್ದೇನೆ. ಮೊದಲ ಹತ್ತು ವರ್ಷ ನೋವು ಎಂಬುದು ಈ ಕಸುಬಿಗೆ ಅಂಟಿದ್ದೇ ಎಂದುಕೊಂಡಿದ್ದೆ. ಅದು ತಪ್ಪು. ನೋವಿನ ಬಹುಭಾಗವನ್ನು ಒಂದು ಸ್ಪ್ಯಾನರು, ಒಂದು ಗಾಳಿ ಮಾಪಕ ಮತ್ತು ಸೀಟು ಹೊಲಿಯುವವರ ಅರ್ಧ ದಿನದ ಕೆಲಸದಿಂದ ಕಳೆದುಕೊಳ್ಳಬಹುದು. ಹೊಸ ಗಾಡಿ ಬೇಕಿಲ್ಲ.

ಮೆತ್ತಗಿದ್ದರೆ ಸಾಲದು

ಎತ್ತಿನ ಹೆಗಲ ಹುಣ್ಣನ್ನು ನೀವೆಲ್ಲಾ ಕಂಡವರು. ನೊಗದ ಭಾರ ಅಗಲವಾಗಿ ಹರಡಿ ಕೂತರೆ ಎತ್ತು ಇಡೀ ದಿನ ಎಳೆಯುತ್ತದೆ. ನೊಗದಲ್ಲಿ ಒಂದು ಗಂಟು ಇದ್ದು ಭಾರವೆಲ್ಲಾ ಅಲ್ಲೇ ಬಿದ್ದರೆ ನಾಲ್ಕು ದಿನದಲ್ಲಿ ಚರ್ಮ ಕಿತ್ತು ಬರುತ್ತದೆ. ಭಾರ ಎರಡು ಕಡೆಯೂ ಅಷ್ಟೇ. ಅದು ಬೀಳುವ ಜಾಗದ ಅಗಲ ಬೇರೆ. ಬೈಕಿನ ಸೀಟಿನ ಲೆಕ್ಕವೂ ಇದೇ.

ಹಸುವಿನ ಮೈಕಟ್ಟು ನೋಡುವಾಗ ಬಾಲದ ಎರಡೂ ಪಕ್ಕದಲ್ಲಿ ಚಾಚಿರುವ ಮೂಳೆಗಳನ್ನು ಮುಟ್ಟಿ ನೋಡುತ್ತೇವಲ್ಲ, ಮನುಷ್ಯರಲ್ಲಿಯೂ ಅದೇ ಮೂಳೆಗಳಿವೆ. ನಾವು ಕೂರುವುದು ಅವುಗಳ ಮೇಲೆಯೇ. ಹಳೆಯ ಸೀಟಿನ ಸ್ಪಂಜು ಈ ಎರಡು ಜಾಗದಲ್ಲಿ ಮೊದಲು ಕುಸಿಯುತ್ತದೆ. ಆಗ ಮೂಳೆ ಕೆಳಗಿನ ತಗಡಿಗೋ ಪ್ಲಾಸ್ಟಿಕ್ಕಿಗೋ ತಾಗಿ ನಿಲ್ಲುತ್ತದೆ. ಗಾಡಿ ಹಳ್ಳಕ್ಕೆ ಬಿದ್ದಾಗಲೆಲ್ಲಾ ಪೆಟ್ಟು ನೇರವಾಗಿ ಬೆನ್ನುಹುರಿಯ ಬುಡಕ್ಕೆ. ಹಾಗಾಗಿ ಮೊದಲು ಮಾಡಬೇಕಾದ ಪರೀಕ್ಷೆ ಸುಲಭ: ನೀವು ಕೂರುವ ಜಾಗದಲ್ಲಿ ಮೊಣಕಾಲು ಊರಿ ಭಾರ ಬಿಡಿ. ಗಟ್ಟಿ ತಳ ತಾಗಿದರೆ ಸ್ಪಂಜಿನ ಆಯಸ್ಸು ಮುಗಿದಿದೆ.

ಸೀಟು ಹೊಲಿಯುವವರ ಬಳಿ ಹೋದರೆ ಅವರು ಮೊದಲು ತೋರಿಸುವುದು ಬಹಳ ಮೆತ್ತನೆಯ ಸ್ಪಂಜು. ಅಂಗಡಿಯಲ್ಲಿ ಕೂತು ನೋಡಿದಾಗ ಅದು ಹಾಸಿಗೆಯಂತೆ ಹಿತವೆನಿಸುತ್ತದೆ. ಇಪ್ಪತ್ತು ಕಿಲೋಮೀಟರು ಕಳೆಯುವಷ್ಟರಲ್ಲಿ ಪೂರ್ತಿ ಕುಸಿದು ಮತ್ತೆ ತಗಡೇ ಸಿಗುತ್ತದೆ. ಆದ್ದರಿಂದ ಕೆಳಗೆ ಗಟ್ಟಿ ಸ್ಪಂಜಿನ ದಪ್ಪ ಪದರ, ಮೇಲೆ ಸುಮಾರು ಒಂದು ಇಂಚು ಮೆತ್ತನೆಯದು ಹಾಕಿಸಿ. ಕೂರುವ ಜಾಗ ಸಾಧ್ಯವಾದಷ್ಟು ಅಗಲವಾಗಿ, ಚಪ್ಪಟೆಯಾಗಿ ಇರಲಿ. ಮುಂದಕ್ಕೆ ಇಳಿಜಾರಾದ ಸೀಟಿನಲ್ಲಿ ಮೈ ಟ್ಯಾಂಕಿನತ್ತ ಜಾರುತ್ತಿರುತ್ತದೆ, ಅದನ್ನು ತಡೆಯಲು ಎರಡೂ ಕೈ ದೂಡುತ್ತಲೇ ಇರಬೇಕಾಗುತ್ತದೆ. ಕೈನೋವಿನ ಮೂಲ ಎಷ್ಟೋ ಸಲ ಸೀಟಿನಲ್ಲಿಯೇ ಇರುತ್ತದೆ. ಎತ್ತರ ಮಾತ್ರ ಒಂದು ಇಂಚಿಗಿಂತ ಹೆಚ್ಚಿಸಬೇಡಿ. ಗಾಡಿ ನಿಲ್ಲಿಸಿದಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ಗಟ್ಟಿಯಾಗಿ ತಾಗಬೇಕು. ಹಾಲಿನ ಕ್ಯಾನು ತೂಗುಹಾಕಿದ ಗಾಡಿ ವಾಲಿದರೆ ತುದಿಗಾಲಿನಲ್ಲಿ ಹಿಡಿದು ನಿಲ್ಲಿಸಲಾಗುವುದಿಲ್ಲ.

ದುಡ್ಡು ಖರ್ಚು ಮಾಡುವ ಮೊದಲು ಒಂದು ಕಂಬಳಿ ಮಡಿಸಿ ಹಾಕಿ ನೋಡಿ. ನಮ್ಮ ಕಡೆಯ ಕುರಿ ಉಣ್ಣೆಯ ಕಂಬಳಿ ಇದಕ್ಕೆ ಹೇಳಿ ಮಾಡಿಸಿದ್ದು. ರೆಕ್ಸಿನ್ ಬಿಸಿಲಿಗೆ ಕಾದು ಬೆವರು ಹಿಡಿದಿಡುತ್ತದೆ, ತೊಡೆಯ ಸಂದಿ ಕಜ್ಜಿಯಾಗುತ್ತದೆ. ಉಣ್ಣೆ ಬೆವರನ್ನು ಹೀರಿ ಗಾಳಿಯಾಡಲು ಬಿಡುತ್ತದೆ. ಎರಡು ಮಡಿಕೆ ಸಾಕು, ಜಾರದಂತೆ ಸೀಟಿನ ಕೆಳಗಿನಿಂದ ಹಗ್ಗ ಹಾಕಿ ಬಿಗಿಯಿರಿ. ಹಗ್ಗದ ತುದಿ ಚೈನಿಗೆ ಇಳಿಯದಂತೆ ನೋಡಿಕೊಳ್ಳಿ.

ಹಿಂಜೇಬಿನ ಪರ್ಸಿನ ವಿಷಯ ಹೇಳಿದೆನಲ್ಲ, ಅದು ತಮಾಷೆಯದಲ್ಲ. ಪೃಷ್ಠದ ಒಳಗೆ ಕಾಲಿಗೆ ಇಳಿಯುವ ದಪ್ಪ ನರವೊಂದಿದೆ. ಹಸುಗಳಿಗೂ ಇದೆ, ತೊಡೆಯ ಮೇಲ್ಭಾಗದಲ್ಲಿ ಎಲ್ಲೆಂದರಲ್ಲಿ ಸೂಜಿ ಚುಚ್ಚಿದರೆ ಆ ನರಕ್ಕೆ ತಗುಲಿ ಕರುಗಳು ಕುಂಟಾಗುವುದುಂಟು, ಅದಕ್ಕೇ ನಾವು ಕುತ್ತಿಗೆಗೆ ಚುಚ್ಚುವುದು. ಒಂದು ಪಕ್ಕ ದಪ್ಪ ಪರ್ಸಿನ ಮೇಲೆ ಎರಡು ಗಂಟೆ ಕೂತರೆ ಆ ನರ ಒತ್ತಿಹೋಗಿ ಸೊಂಟದಿಂದ ಹಿಮ್ಮಡಿಯವರೆಗೆ ಜುಂ ಎನ್ನತೊಡಗುತ್ತದೆ. ಪರ್ಸನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳಲು ಕಾಸು ಖರ್ಚಿಲ್ಲ.

ಕೈ ಮರಗಟ್ಟುವುದು

ಇದು ನನಗೆ ಹತ್ತಿರದ ವಿಷಯ. ಮೂವತ್ತೈದು ನಲವತ್ತು ದಿನದ ಗರ್ಭವನ್ನು ನಾವು ಬೆರಳ ತುದಿಯಿಂದಲೇ ಗುರುತಿಸಬೇಕು. ಒಮ್ಮೆ ಮಧುಗಿರಿ ಆಚೆಯ ಹಳ್ಳಿಯಲ್ಲಿ ಕೈಚೀಲ ತೊಟ್ಟು ಹಸುವಿನ ಹಿಂದೆ ನಿಂತಾಗ ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡಕ್ಕೂ ಸ್ಪರ್ಶವೇ ಇರಲಿಲ್ಲ. ಅರ್ಧ ಗಂಟೆ ಕಾದು ನೋಡಬೇಕಾಯಿತು. ರೈತರು ಡಾಕ್ಟರಿಗೆ ಕಾಫಿ ತರಿಸುತ್ತಿದ್ದಾರೆಂದು ಊರವರು ತಿಳಿದರು, ನಾನೂ ಹಾಗೆಯೇ ಇರಲೆಂದು ಸುಮ್ಮನಿದ್ದೆ. ಕೈಯಲ್ಲಿ ಹಾಲು ಕರೆಯುವವರಿಗೂ ಬೆರಳೇ ಬಂಡವಾಳ.

ಮರಗಟ್ಟುವ ಬೆರಳನ್ನು ನೋಡಿ ಕಾರಣ ಹೇಳಬಹುದು. ಕಿರುಬೆರಳು, ಉಂಗುರದ ಬೆರಳಾದರೆ ಅಂಗೈಯ ಹೊರ ಅಂಚಿನ ಮೇಲೆ ಭಾರ ಬೀಳುತ್ತಿದೆ ಎಂದು ಅರ್ಥ. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮಣಿಕಟ್ಟು ಬಾಗಿಸಿ ಹಿಡಿಯುತ್ತಿದ್ದೀರಿ. ಎರಡಕ್ಕೂ ಪರಿಹಾರ ಹ್ಯಾಂಡಲಿನಲ್ಲಿದೆ. ಗಾಡಿಯ ಮೇಲೆ ನಿಮ್ಮ ರೂಢಿಯಂತೆ ಕೂತು, ಕಣ್ಣು ಮುಚ್ಚಿ, ಕೈಗಳನ್ನು ಸಹಜವಾಗಿ ಮುಂದೆ ಚಾಚಿ. ಹಿಡಿಕೆ ಅಲ್ಲಿಯೇ ಸಿಗಬೇಕು, ಮೊಣಕೈ ಸ್ವಲ್ಪ ಬಾಗಿರಬೇಕು. ಸಿಗದಿದ್ದರೆ ಹ್ಯಾಂಡಲ್ ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ ಬೇಕಾದಷ್ಟು ಹಿಂದಕ್ಕೆ ಅಥವಾ ಮುಂದಕ್ಕೆ ಹೊರಳಿಸಿ ಬಿಗಿ ಮಾಡಿ. ಬಳಿಕ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಯಾವ ಕೇಬಲ್ಲೂ ಎಳೆಯಬಾರದು, ಟ್ಯಾಂಕಿಗೆ ತಾಗಬಾರದು. ಬ್ರೇಕ್ ಮತ್ತು ಕ್ಲಚ್ ಲಿವರುಗಳು ಸ್ವಲ್ಪ ಕೆಳಮುಖವಾಗಿರಲಿ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು. ಶೋರೂಮಿನಿಂದ ಹೊರಬರುವ ಗಾಡಿ ಎಲ್ಲರಿಗೂ ಒಂದೇ ಅಳತೆಯಲ್ಲಿರುತ್ತದೆ. ಐದಡಿಯವರೂ ಆರಡಿಯವರೂ ಅದನ್ನೇ ವರ್ಷಗಟ್ಟಲೆ ಸಹಿಸಿಕೊಂಡು ಓಡಿಸುವುದನ್ನು ನೋಡಿದ್ದೇನೆ.

ಗೇರ್ ಲಿವರಿಗೂ ಹಿಂಬ್ರೇಕಿನ ಪೆಡಲಿಗೂ ಇದೇ ನಿಯಮ. ಪಾದವನ್ನು ಕಾಲೂರುವ ರಬ್ಬರಿನ ಮೇಲಿಟ್ಟಾಗ ಬೆರಳುಗಳು ಪೆಡಲಿನ ನೇರಕ್ಕಿರಬೇಕು. ಕೆಲವರು ಮುಂದಿನ ಗಾರ್ಡಿನ ಮೇಲೆ ಕಾಲು ಚಾಚಿ ಓಡಿಸುತ್ತಾರೆ. ಮಂಡಿಗೆ ಹಿತವೆನ್ನುವುದು ನಿಜ, ಆದರೆ ಎಮ್ಮೆ ಅಡ್ಡ ಬಂದರೆ ಕಾಲು ಬ್ರೇಕಿಗೆ ವಾಪಸು ಬರುವಷ್ಟರಲ್ಲಿ ಎಮ್ಮೆ ಹತ್ತಿರ ಬಂದಿರುತ್ತದೆ.

ಕೈ ನಡುಕಕ್ಕೆ ಇನ್ನೊಂದು ಕಾರಣ ಗಾಡಿಯ ಅದುರು. ಚೈನು ಸವೆದು ಜೋಲಾಗಿದ್ದರೆ, ಇಂಜಿನ್ ಕೂರಿಸಿದ ಬೋಲ್ಟು ಸಡಿಲವಾಗಿದ್ದರೆ ಅದುರು ಹೆಚ್ಚುತ್ತದೆ. ಎಲ್ಲಾ ಸರಿಯಿದ್ದರೂ ಪ್ರತಿ ಗಾಡಿಗೆ ಒಂದು ವೇಗದಲ್ಲಿ ಅದುರು ಅತಿ ಹೆಚ್ಚು ಇರುತ್ತದೆ. ಅದಕ್ಕಿಂತ ಐದಾರು ಕಿಲೋಮೀಟರು ಕೆಳಗೆ ಓಡಿಸಿದರೆ ಕೈಗೆ ಎಷ್ಟೋ ಆರಾಮ. ಹಿಡಿಕೆಯನ್ನು ಕೊರಳಪಟ್ಟಿ ಹಿಡಿದಂತೆ ಬಿಗಿಯಾಗಿ ಹಿಡಿಯಬೇಡಿ. ಮೊಲೆಯನ್ನು ಹಿಡಿಯುವಷ್ಟು ಹದವಾದ ಹಿಡಿತ ಸಾಕು.

ಗಾಳಿ, ಸ್ಪ್ರಿಂಗು ಮತ್ತು ಕ್ಯಾನು

ಕುಲುಕಾಟ ಕಡಿಮೆಯಾಗಲಿ ಎಂದು ಚಕ್ರದ ಗಾಳಿ ಇಳಿಸುವುದು ನಮ್ಮಲ್ಲಿ ಬಹಳ ಕಡೆ ರೂಢಿ. ಇದರಲ್ಲಿ ಲಾಭಕ್ಕಿಂತ ಕೇಡೇ ಹೆಚ್ಚು. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಮಡಿಸಿ ಮಡಿಸಿ ಕಾಯುತ್ತವೆ, ಒಳಗಿನ ದಾರ ಕತ್ತರಿಸುತ್ತದೆ, ತಿರುವಿನಲ್ಲಿ ಗಾಡಿ ತೂರಾಡುತ್ತದೆ. ಹಳ್ಳಕ್ಕೆ ಬಿದ್ದಾಗ ಪೆಟ್ಟು ನೇರವಾಗಿ ರಿಮ್ಮಿಗೆ. ಎಷ್ಟು ಗಾಳಿ ಬೇಕೆಂಬುದು ಕೈಪಿಡಿಯಲ್ಲಿಯೂ ಬಹಳಷ್ಟು ಗಾಡಿಗಳಲ್ಲಿ ಚೈನ್ ಕವರಿನ ಹತ್ತಿರ ಅಂಟಿಸಿದ ಚೀಟಿಯಲ್ಲಿಯೂ ಬರೆದಿರುತ್ತದೆ. ನೂರು ಸಿ.ಸಿ. ಗಾಡಿಗಳಿಗೆ ಒಬ್ಬರೇ ಸವಾರರಿದ್ದಾಗ ಸಾಮಾನ್ಯವಾಗಿ ಮುಂದೆ 25 ಪೌಂಡು, ಹಿಂದೆ 28 ಪೌಂಡು. ಹಿಂದೆ ಜನ ಅಥವಾ ಹೊರೆ ಇದ್ದರೆ ಹಿಂದಿನ ಚಕ್ರಕ್ಕೆ ಇನ್ನೂ ಹೆಚ್ಚು. ನಿಮ್ಮ ಗಾಡಿಯ ಚೀಟಿಯೇ ಅಂತಿಮ. ಗಾಳಿಯನ್ನು ಬೆಳಗ್ಗೆ ಟೈರು ತಣ್ಣಗಿದ್ದಾಗಲೇ ನೋಡಬೇಕು, ಓಡಿದ ಟೈರು ಹೆಚ್ಚು ತೋರಿಸುತ್ತದೆ.

ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲಿನಂತೆ ಕೊರೆದ ಬಳೆಯೊಂದಿದೆ, ಸಾಮಾನ್ಯವಾಗಿ ಐದು ಮೆಟ್ಟಿಲು. ಗಾಡಿಯ ಜತೆ ಕೊಡುವ ಕೊಕ್ಕೆಯಂಥ ಸ್ಪ್ಯಾನರಿನಿಂದ ಅದನ್ನು ತಿರುಗಿಸಬಹುದು. ಇದನ್ನು ಗೊತ್ತಿರುವವರು ಕಡಿಮೆ, ಗೊತ್ತಿದ್ದೂ ತಿರುಗಿಸುವವರು ಇನ್ನೂ ಕಡಿಮೆ. 40 ಲೀಟರ್ ಹಾಲು ಎಂದರೆ 41 ಕಿಲೋಗ್ರಾಮಿಗೂ ಸ್ವಲ್ಪ ಮೇಲೆ, ಕ್ಯಾನಿನ ತೂಕ ಬೇರೆ. ಆ ಹೊರೆಗೆಂದು ಮೆಕ್ಯಾನಿಕ್ ಒಮ್ಮೆ ಕೊನೆಯ ಮೆಟ್ಟಿಲಿಗೆ ಏರಿಸಿದರೆ ಅದು ಹಾಗೆಯೇ ಉಳಿದುಬಿಡುತ್ತದೆ. ಆಮೇಲೆ ನೀವು ಒಬ್ಬರೇ ಖಾಲಿ ಗಾಡಿಯಲ್ಲಿ ತುಮಕೂರಿಗೆ ಹೊರಟಾಗ ಸ್ಪ್ರಿಂಗು ಒತ್ತಿಕೊಳ್ಳುವುದೇ ಇಲ್ಲ, ಪ್ರತಿ ಉಬ್ಬೂ ನಿಮ್ಮನ್ನು ಸೀಟಿನಿಂದ ಎತ್ತಿ ಒಗೆಯುತ್ತದೆ. ನಮ್ಮ ಕಾರ್ಯದರ್ಶಿಗಳಿಗೆ ಆಗಿದ್ದು ಇದೇ. ಖಾಲಿ ಹೋಗುವಾಗ ಮೊದಲ ಅಥವಾ ಎರಡನೆಯ ಮೆಟ್ಟಿಲು, ಕ್ಯಾನು ಅಥವಾ ಹಿಂದೆ ಜನ ಇದ್ದಾಗ ಮೇಲಿನವು. ಎರಡು ಪಕ್ಕ ಸ್ಪ್ರಿಂಗಿರುವ ಗಾಡಿಯಲ್ಲಿ ಎಡಕ್ಕೂ ಬಲಕ್ಕೂ ಒಂದೇ ಮೆಟ್ಟಿಲಿರಬೇಕು. ಸರಳಿನ ಮೇಲೆ ಎಣ್ಣೆಯ ಪಸೆ ಕಂಡರೆ ಅದು ಸೋರುತ್ತಿದೆ, ಬದಲಾಯಿಸುವುದೇ ದಾರಿ. ಮುಂದಿನ ಫೋರ್ಕಿನ ಎಣ್ಣೆಯನ್ನು ಗಾಡಿ ಕೊಂಡ ಮೇಲೆ ಒಮ್ಮೆಯೂ ಬದಲಾಯಿಸದವರೇ ಹೆಚ್ಚು; ಸರ್ವೀಸಿಗೆ ಬಿಟ್ಟಾಗ ಕೇಳಿ.

ಕ್ಯಾನನ್ನು ಹಿಂದಿನ ಚಕ್ರದ ನಡುಗುಂಬದ ನೇರಕ್ಕೆ ಅಥವಾ ಅದಕ್ಕಿಂತ ಮುಂದೆ, ಆದಷ್ಟು ಕೆಳಗೆ ತೂಗುಹಾಕಬೇಕು. ಬಾಲದ ಕಡೆ ಕಟ್ಟಿದರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಅರ್ಧ ತುಂಬಿದ ಕ್ಯಾನಿನ ಹಾಲು ಅತ್ತಿತ್ತ ಹೊಯ್ದಾಡಿ ಗಾಡಿಯನ್ನೂ ಹೊಯ್ದಾಡಿಸುತ್ತದೆ. ಸಾಲದ್ದಕ್ಕೆ ಹಾಗೆ ಕುಲುಕಿದ ಹಾಲಿನಲ್ಲಿ ಬೆಣ್ಣೆಯ ಕಣಗಳು ಕಟ್ಟಿ ಮುಚ್ಚಳಕ್ಕೂ ಗೋಡೆಗೂ ಅಂಟುತ್ತವೆ, ಆ ಜಿಡ್ಡು ಪರೀಕ್ಷೆಯ ಮಾದರಿಗೆ ಬರುವುದಿಲ್ಲ. "ಮನೆಯಲ್ಲಿ ಗಟ್ಟಿ ಹಾಲು, ಸಂಘದಲ್ಲಿ ಜಿಡ್ಡು ಕಡಿಮೆ" ಎಂದು ದೂರುವವರು ತಮ್ಮ ಗಾಡಿಯ ಸ್ಪ್ರಿಂಗನ್ನೂ ಒಮ್ಮೆ ನೋಡಲಿ. ಇರುವ ಹಾಲು ತುಂಬುವಷ್ಟೇ ಗಾತ್ರದ ಕ್ಯಾನು ಒಯ್ಯಿರಿ.

ಇಲ್ಲಿ ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೆ ಒಂದು ಮಾತು. ದ್ರವ ಸಾರಜನಕದ ಜಾಡಿಯ ಒಳಪಾತ್ರೆ ಕತ್ತಿನ ಆಧಾರದಲ್ಲಿಯೇ ತೂಗುತ್ತಿರುತ್ತದೆ, ಏಟು ಬಿದ್ದರೆ ಕತ್ತು ಬಿರಿದು ಸಾರಜನಕ ಬೇಗ ಆರುತ್ತದೆ ಎಂದು ನೀವು ಅದಕ್ಕೆ ರಬ್ಬರಿನ ಮೆತ್ತೆ ಕಟ್ಟುತ್ತೀರಿ. ಒಳ್ಳೆಯದು. ಅದನ್ನು ಹೊತ್ತು ತಿರುಗುವ ನಿಮ್ಮ ಕತ್ತಿಗೂ ಸೊಂಟಕ್ಕೂ ಅಷ್ಟೇ ಗಮನ ಕೊಡಿ.

ಹಿಂದೆ ಕೂರುವವರು

ಮಹಿಳಾ ಸದಸ್ಯರು ಬಹುಮಟ್ಟಿಗೆ ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂರುತ್ತಾರೆ, ತೊಡೆಯ ಮೇಲೆ ಹಾಲಿನ ಕ್ಯಾನೋ ಮಗುವೋ ಇರುತ್ತದೆ. ಸೊಂಟ ತಿರುಚಿಕೊಂಡು ಐವತ್ತು ಕಿಲೋಮೀಟರು ಕೂರುವುದು ಓಡಿಸುವವರಿಗಿಂತ ಹೆಚ್ಚಿನ ಶಿಕ್ಷೆ. ಹಿಂದೆ ಕೂರುವವರಿಗೆ ಕೈಹಿಡಿ, ಕಾಲೂರಲು ಆಧಾರ, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ಸೀರೆ ಗಾರ್ಡು ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಕ್ಯಾನು ಕಟ್ಟಲು ಅಡ್ಡವೆಂದು ಅದನ್ನೇ ಮೊದಲು ಬಿಚ್ಚಿಸುತ್ತೇವೆ. ಎರಡೂ ಪಾದ ಊರುವಷ್ಟು ಅಗಲದ ತಟ್ಟೆಯನ್ನು ಎಡಪಕ್ಕಕ್ಕೆ ಬೆಸುಗೆ ಹಾಕಿಸಿದರೆ ಸೊಂಟದ ಮೇಲಿನ ಭಾರ ಅರ್ಧ ಇಳಿದಂತೆ. ಚೂಡಿದಾರ ತೊಟ್ಟವರು ಎರಡೂ ಕಡೆ ಕಾಲು ಹಾಕಿ ಕೂರುವುದೇ ಮೇಲು. ಊರಿನವರು ಏನೆಂದಾರು ಎಂಬ ಸಂಕೋಚ ಬೇಡ. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಹೆಲ್ಮೆಟ್ ಭಾರ ಎನ್ನುವವರ ಹೆಲ್ಮೆಟ್ಟು ಬಹುಪಾಲು ಅಳತೆ ತಪ್ಪಿದ್ದಾಗಿರುತ್ತದೆ. ಐಎಸ್‌ಐ ಗುರುತಿನದನ್ನು ತಲೆಗೆ ಹಾಕಿ ನೋಡಿಯೇ ಕೊಳ್ಳಿ, ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ.

ಗಾಡಿ ಎಷ್ಟೇ ಹದವಾಗಿದ್ದರೂ ಮೈ ಒಂದೇ ಭಂಗಿಯನ್ನು ಒಪ್ಪುವುದಿಲ್ಲ. ಮಲಗಿ ಎದ್ದ ಆರೋಗ್ಯವಂತ ಹಸು ಮೊದಲು ಬೆನ್ನು ಬಿಲ್ಲಾಗಿಸಿ ಮೈ ಮುರಿಯುವುದನ್ನು ಗಮನಿಸಿದ್ದೀರಲ್ಲ. ಪಾವಗಡದಿಂದ ಹೊರಟವರು ಮಿಡಿಗೇಶಿಯಲ್ಲೊಮ್ಮೆ, ಕೊರಟಗೆರೆಯಲ್ಲೊಮ್ಮೆ ಇಳಿದು ಐದು ನಿಮಿಷ ನಡೆದಾಡಿ, ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗಿ. ಬಿಸಿಲಿನಲ್ಲಿ ಗಾಳಿಗೆ ಬೆವರು ಆರಿಹೋಗುವುದರಿಂದ ಬಾಯಾರಿಕೆ ತಿಳಿಯುವುದಿಲ್ಲ. ನೀರೋ ಮಜ್ಜಿಗೆಯೋ ಕುಡಿದೇ ಹೊರಡಿ. ಬೆಳಗಿನ ಜಾವ ನಾಲ್ಕಕ್ಕೆದ್ದು ಹಾಲು ಕರೆದವರು ಮಧ್ಯಾಹ್ನ ಊಟ ಮಾಡಿದ ಕೂಡಲೇ ಹೊರಟರೆ ತೂಕಡಿಕೆ ಬಂದೇ ಬರುತ್ತದೆ. ಬಂದರೆ ಮರದಡಿ ಇಪ್ಪತ್ತು ನಿಮಿಷ ಮಲಗಿ. ಸಂಜೆಯ ಹಾಲು ಅಷ್ಟು ಹೊತ್ತು ಕಾಯುತ್ತದೆ.

ಗಾಡಿಯ ತಪ್ಪಲ್ಲದ ನೋವು

ಇದನ್ನು ಬರೆಯಲು ಕೂತ ಮುಖ್ಯ ಕಾರಣ ಇನ್ನೊಬ್ಬ ಸದಸ್ಯರು. ಅವರೂ ಸೊಂಟ ನೋವಿಗೆ ಬೈಕನ್ನೇ ದೂರಿದರು. ಎರಡು ಸಲ ಸೀಟು ಕಟ್ಟಿಸಿದರು, ಹ್ಯಾಂಡಲ್ ಬದಲಾಯಿಸಿದರು, ನೋವಿನ ಮಾತ್ರೆ ನುಂಗಿದರು. ನನ್ನ ಸಲಹೆಯೂ ಅದರಲ್ಲಿ ಸೇರಿತ್ತು ಎಂದು ಒಪ್ಪಿಕೊಳ್ಳಬೇಕು. ಸುಮಾರು ಆರು ತಿಂಗಳಾದ ಮೇಲೆ ಮಾತಿನ ನಡುವೆ, ಸಂಜೆಯಾದರೆ ಜ್ವರ ಬರುತ್ತದೆ, ರಾತ್ರಿ ಹಾಸಿಗೆ ಒದ್ದೆಯಾಗುವಂತೆ ಬೆವರುತ್ತದೆ, ವಾರ ಬಿಟ್ಟು ಮತ್ತೆ ಬರುತ್ತದೆ ಎಂದರು. ಅವರ ಕೊಟ್ಟಿಗೆಯಲ್ಲಿ ಹಿಂದಿನ ವರ್ಷ ಒಂದು ಹಸು ಏಳು ತಿಂಗಳಿಗೆ ಕಂದು ಹಾಕಿತ್ತು. ಮಾಸು ಬೀಳದಿದ್ದಾಗ ಅವರೇ ಬರಿಗೈಯಲ್ಲಿ ತೆಗೆದಿದ್ದರು. ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್ ಎಂದು ಗೊತ್ತಾಯಿತು, ನಾವು ಕಂದು ರೋಗ ಎನ್ನುತ್ತೇವಲ್ಲ ಅದೇ.

ಬೈಕಿನ ನೋವಿಗೂ ಈ ನೋವಿಗೂ ವ್ಯತ್ಯಾಸವಿದೆ. ಸವಾರಿಯಿಂದ ಬಂದ ನೋವು ಎರಡು ಮೂರು ದಿನ ಗಾಡಿ ಮುಟ್ಟದಿದ್ದರೆ ಇಳಿಯುತ್ತದೆ. ಇಳಿಯದೆ, ಜತೆಗೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಕೀಲುನೋವು, ಗಂಡಸರಲ್ಲಿ ವೃಷಣದ ಊತ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, "ನಮ್ಮ ಮನೆಯಲ್ಲಿ ಹಸುಗಳಿವೆ, ಒಂದು ಕಂದು ಹಾಕಿತ್ತು" ಎಂಬ ಮಾತನ್ನು ವೈದ್ಯರಿಗೆ ನೀವೇ ಹೇಳಿ. ಅವರಿಗೆ ಅದು ತಾನಾಗಿ ತಿಳಿಯುವುದಿಲ್ಲ. ಕಾಲು ಮರಗಟ್ಟಿ ಬಲ ತಪ್ಪಿದರೆ, ಮೂತ್ರದ ಹಿಡಿತ ಹೋದರೆ ಒಂದು ದಿನವೂ ತಡೆಯಬಾರದು. ಅದು ಬೆನ್ನಿನ ನರದ ತೊಂದರೆ.

ಕಂದು ರೋಗಕ್ಕೆ ಔಷಧಿ ಇದೆ, ಆದರೆ ಸಾಮಾನ್ಯವಾಗಿ ಆರು ವಾರ ಬಿಡದೆ ತೆಗೆದುಕೊಳ್ಳಬೇಕು. ಜ್ವರ ನಿಂತಿತೆಂದು ಎರಡನೆಯ ವಾರಕ್ಕೇ ಬಿಟ್ಟವರಿಗೆ ಮರುಕಳಿಸುತ್ತದೆ. ಹಾಲನ್ನು ಉಕ್ಕಿ ಬರುವಂತೆ ಕಾಯಿಸಿಯೇ ಕುಡಿಯಿರಿ. ಕಂದು ಹಾಕಿದ ಕರುವನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟದೆ, ನಾಯಿ ಎಳೆಯದಂತೆ ಆಳವಾಗಿ ಸುಣ್ಣ ಹಾಕಿ ಹೂಳಿ. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಕರುಗಳಿಗೆ ಒಮ್ಮೆ ಲಸಿಕೆ ಹಾಕಿಸಿದರೆ ಸಾಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜತೆ ಇದನ್ನೂ ಸೇರಿಸಿದ್ದಾರೆ. ಗಂಡುಕರುಗಳಿಗೂ ಗಬ್ಬದ ಹಸುಗಳಿಗೂ ಈ ಲಸಿಕೆ ಹಾಕಬಾರದು.

ಆ ಸದಸ್ಯರು ಔಷಧಿ ಪೂರ್ತಿ ಮುಗಿಸಿದರು. ಈಗ ಬೆಳಗ್ಗೆ ಸಂಘಕ್ಕೆ ತಾವೇ ಕ್ಯಾನು ತರುತ್ತಾರೆ. ಕಾರ್ಯದರ್ಶಿಗಳು ಸ್ಪ್ರಿಂಗನ್ನು ಎರಡನೆಯ ಮೆಟ್ಟಿಲಿಗೆ ಇಳಿಸಿ, ಸೀಟು ಕಟ್ಟಿಸಿಕೊಂಡು ಮೊನ್ನೆ ತುಮಕೂರಿಗೆ ಬಂದಿದ್ದರು. ಪರ್ಸು ಇನ್ನೂ ಹಿಂಜೇಬಿನಲ್ಲಿಯೇ ಇತ್ತು.